ನಮ್ಮ ತೊಟ್ಟಿಲಿಗೆ ಕುಟ್ಟೆ ಹಿಡಿಯಿತು

ಇನ್ನು ಮೇಲೆ ನಾನು ಯಾವುದಕ್ಕೂ ಬೆಚ್ಚಿಬೀಳುವುದಿಲ್ಲ ಎಂದು ನನ್ನ ಬಗ್ಗೆ ನನಗೊಂದು ಭಾರಿ ನಂಬಿಕೆಯಿತ್ತು. ವಯಸ್ಸು ಐವತ್ತು ದಾಟಿದೆ. ಮಧುಗಿರಿಯ ಹೈಸ್ಕೂಲೊಂದರಲ್ಲಿ ಇಪ್ಪತ್ತೈದು ವರ್ಷದಿಂದ ವಿಜ್ಞಾನ ಹೇಳುತ್ತಿದ್ದೇನೆ. ಮನುಷ್ಯನ ಹೃದಯಕ್ಕೆ ಆರು ಕೋಣೆ, ಅದರಲ್ಲಿ ಒಂದು ಅಡುಗೆಕೋಣೆ ಎಂದು ಬರೆದ ಉತ್ತರಪತ್ರಿಕೆಗಳನ್ನು ಓದಿ, ನೀರು ಕುಡಿದು, ಮುಂದಿನದನ್ನು ಎತ್ತಿಕೊಂಡವನು ನಾನು. ಸಕ್ಕರೆ ಕಾಯಿಲೆಯ ರಿಪೋರ್ಟು ಬಂದಾಗಲೂ ಡಾಕ್ಟರೇ ಗಾಬರಿಯಾದರು, ನಾನಾಗಲಿಲ್ಲ. ಇಂಥ ನನ್ನನ್ನು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಹುಳು ಒಂದೇ ವಾರದಲ್ಲಿ ಐದು ಸಲ ಬೆಚ್ಚಿಬೀಳಿಸಿತು. ಐದನೆಯದು ಹುಳುವಿನ ತಪ್ಪಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಮನೆಯಲ್ಲಿ ಒಂದು ತೊಟ್ಟಿಲಿದೆ. ತಾತನ ಕಾಲದ್ದು, ತೇಗದ ಮರದ್ದು. ಸುತ್ತ ಕಡೆದ ಕಂಬಿಗಳು, ನಾಲ್ಕು ಮೂಲೆಗೆ ನಾಲ್ಕು ಮರದ ಗಿಣಿ, ತೂಗಲು ಹಿತ್ತಾಳೆಯ ಸರಪಳಿ. ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ನಾಮಕರಣಕ್ಕೆ ಈ ತೊಟ್ಟಿಲೇ ಹೋಗಬೇಕು. ಸಿರಾದಲ್ಲಿರುವ ತಂಗಿ ಮಂಗಳಾಳ ಮನೆಗೆ ಹೋಗಿದೆ, ಕೊರಟಗೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ದೊಡ್ಡಪ್ಪನ ಮಗ ಷಣ್ಮುಖಣ್ಣನ ಮನೆಗೆ ಹೋಗಿದೆ, ಹೆಂಡತಿ ಗಿರಿಜಾಳ ಅಕ್ಕ ಶಾರದತ್ತಿಗೆಯ, ಆಂಧ್ರದ ಗಡಿಗಂಟಿದ ಪಾವಗಡದ ಮನೆಗೆ ಬಸ್ಸಿನ ಟಾಪಿನ ಮೇಲೆ ಕೂತು ನಾಲ್ಕು ಸಲ ಹೋಗಿಬಂದಿದೆ. ತೊಟ್ಟಿಲನ್ನು ಬರಿದಾಗಿ ವಾಪಸ್ಸು ಕಳಿಸುವಂತಿಲ್ಲ, ಅದರೊಳಗೆ ಬೆಲ್ಲ, ಕೊಬ್ಬರಿ, ರವಿಕೆ ಬಟ್ಟೆ ಇಟ್ಟು ಕಳಿಸಬೇಕು. ಊನವಾಗಿಯೂ ಕಳಿಸುವಂತಿಲ್ಲ, ಒಂದು ಗಿಣಿಯ ಕೊಕ್ಕು ಮುರಿದರೂ ಸರಿಮಾಡಿಸಿಯೇ ಕಳಿಸಬೇಕು. ಹೀಗಾಗಿ ಊರಲ್ಲಿ ನನಗೆ ‘ತೊಟ್ಲು ಮನೆ ಮೇಷ್ಟ್ರು’ ಎಂದೇ ಹೆಸರು. ನಾನು ಕಲಿಸಿದ ನ್ಯೂಟನ್ನನ ನಿಯಮ ಯಾರಿಗೂ ನೆನಪಿಲ್ಲ, ತೊಟ್ಟಿಲು ಮಾತ್ರ ಎಲ್ಲರಿಗೂ ನೆನಪಿದೆ.

ಈಗ ಮಂಗಳಾಳ ಮಗಳು ಸುಷ್ಮಾಗೆ ಹೆಣ್ಣುಮಗುವಾಗಿದೆ. ಬರುವ ಭಾನುವಾರ ಸಿರಾದಲ್ಲಿ ನಾಮಕರಣ. ಸುಷ್ಮಾಳನ್ನು ಕೊಟ್ಟಿರುವುದು ಹುಲಿಕುಂಟೆಗೆ. ಆ ಬೀಗರು ಬಹಳ ಮಾತಿನವರಲ್ಲ, ಆದರೆ ಆಡಿದ ಒಂದು ಮಾತು ಹೀಗಿತ್ತು: “ನಿಮ್ ಕಡೆ ತೊಟ್ಲು ಇದ್ಯಂತಲ್ಲ, ಸುಷ್ಮಾನೂ ಅದ್ರಲ್ಲೇ ಮಲ್ಗಿದ್ಲಂತೆ. ನಮ್ ಕೂಸೂ ಅದ್ರಲ್ಲೇ ಮಲೀಕಳ್ಲಿ. ನಾವು ಬೇರೆ ತರಾಕಿಲ್ಲ.” ಮಂಗಳಾ ಹಿಗ್ಗಿ ಹೀರೇಕಾಯಿಯಾಗಿ ಒಪ್ಪಿಕೊಂಡುಬಂದಿದ್ದಳು. ನಾನು ಅಟ್ಟದಿಂದ ತೊಟ್ಟಿಲಿಳಿಸಿ ಪಡಸಾಲೆಯಲ್ಲಿ ಎರಡು ಸ್ಟೂಲುಗಳ ಮೇಲೆ ಇಟ್ಟೆ.

ಮಾರನೇ ದಿನ ಬೆಳಿಗ್ಗೆ ಗಿರಿಜಾ ಪೊರಕೆ ಹಿಡಿದು ನಿಂತಿದ್ದಳು. “ಹುರಿಗಡ್ಲೆ ಹಿಟ್ಟು ತಿನ್ನೋರು ತಟ್ಟೇಲಿ ಹಾಕ್ಕೊಂಡು ತಿನ್ನಿ ಕಣ್ರೀ. ನೆಲಕ್ಕೆಲ್ಲ ಯಾಕೆ ಉದುರಿಸ್ತೀರಾ?” ಸಕ್ಕರೆ ಕಾಯಿಲೆಯವನು ಕದ್ದು ತಿನ್ನುವುದರಲ್ಲಿ ನನಗೆ ಒಂದಿಷ್ಟು ಹಳೆಯ ದಾಖಲೆಯಿರುವುದು ನಿಜ, ಆದರೆ ಹುರಿಗಡಲೆ ಹಿಟ್ಟಿನ ವಿಷಯದಲ್ಲಿ ನಾನು ನಿರಪರಾಧಿ. ಅದಕ್ಕೇ ವೈಜ್ಞಾನಿಕವಾಗಿ ಸಾಬೀತು ಮಾಡುತ್ತೇನೆಂದು ಭೂತಗನ್ನಡಿ ತಂದು ಬಗ್ಗಿದೆ. ಹಿಟ್ಟಿನ ಗುಪ್ಪೆಯಿಂದ ಒಂದು ಕಂದು ಬಣ್ಣದ ಹುಳು ಎದ್ದು, ಸಾವಕಾಶವಾಗಿ ಗಾಜಿನ ಮೇಲೆಯೇ ನಡೆದು ನನ್ನ ಹೆಬ್ಬೆರಳಿಗೆ ಬಂತು. ಕೀಟಗಳ ಜೀವನಚಕ್ರ, ಮೊಟ್ಟೆ, ಮರಿ, ಕೋಶ, ಪ್ರೌಢ ಎಂದು ವರ್ಷಕ್ಕೆ ಮೂರು ಸೆಕ್ಷನ್ನಿನಂತೆ ಬೋರ್ಡಿನ ಮೇಲೆ ಬರೆದವನು ನಾನು. ನಿಜವಾದ ಕೀಟ ಕೈಮೇಲೆ ಹತ್ತಿದಾಗ ಭೂತಗನ್ನಡಿ ಕೈಬಿಟ್ಟು “ಅಯ್ಯಯ್ಯಪ್ಪಾ” ಎಂದು ಸ್ಟೂಲಿಗೆ ಕಾಲು ತಗುಲಿಸಿಕೊಂಡೆ. ಇದು ಮೊದಲನೆಯ ಸಲ.

ತೊಟ್ಟಿಲಿನ ಅಡಿಹಲಗೆಯ ತುಂಬ ಗುಂಡುಸೂಜಿಯಲ್ಲಿ ಚುಚ್ಚಿದಂಥ ತೂತುಗಳು. ಗಿರಿಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು “ಕುಟ್ಟೆ ಹಿಡ್ದದೆ!” ಎಂದಳು. ಆ ದನಿಯಲ್ಲಿ ಯಾರಿಗೋ ಹುಷಾರಿಲ್ಲ ಎನ್ನುವ ಭಯವಿತ್ತು. ಸಿರಾದಲ್ಲಿ ಮರಕ್ಕೆ ಔಷಧಿ ಹೊಡೆಯುವ ನಯಾಜ್ ಎಂಬವರಿದ್ದಾರೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದು ನೆನಪಾಗಿ ಫೋನು ಮಾಡಿದೆ. ಬಡಗಿಗಳ ಮನೆತನ, ಈಗ ಹುಳುಗಳ ವೈದ್ಯರು. ಮಾರನೇ ದಿನವೇ ಬಂದರು. ಹಣೆಗೆ ಟಾರ್ಚು, ಕೈಯಲ್ಲಿ ದಬ್ಬಳ, ಪೆಟ್ಟಿಗೆಯಲ್ಲಿ ಆಸ್ಪತ್ರೆಯವರದ್ದೇ ಇಂಜೆಕ್ಷನ್ ಸಿರಿಂಜುಗಳು. ತೊಟ್ಟಿಲಿನ ಕೆಳಗೆ ಕಪ್ಪು ಕಾಗದ ಹಾಸಿ ದಬ್ಬಳದ ಹಿಡಿಯಿಂದ ಟಕಟಕ ಬಡಿದರು. ಕಾಗದದ ಮೇಲೆ ಹಿಟ್ಟು ಸುರಿಯಿತು.

“ಗೆದ್ದಲಲ್ಲ ಸಾರ್, ಕುಟ್ಟೇನೇ. ಗೆದ್ದಲಾದ್ರೆ ಮಣ್ಣು ತರ್ತದೆ, ಇದು ಹಿಟ್ಟು ಉದುರಿಸ್ತದೆ” ಎಂದರು ನಯಾಜ್. “ಈ ತೂತು ನೋಡ್ತಾ ಇದೀರಲ್ಲ, ಇದು ಹುಳ ಒಳಗೆ ಹೋಗಿದ್ದಲ್ಲ, ಹೊರಗೆ ಬಂದಿದ್ದು. ಒಳಗೆ ವರ್ಷಗಟ್ಲೆ ತಿಂತಾ ಕೂತಿರ್ತದೆ, ಒಂದು ಸದ್ದೂ ಇರಾಕಿಲ್ಲ. ಹೊರಗೆ ಬಂದು ಇನ್ನೊಂದು ಮರ ಹುಡ್ಕಿ ಮೊಟ್ಟೆ ಇಡ್ತದೆ. ಈ ತೊಟ್ಲು ಹೊರಗೆ ಎಲ್ಲಾದ್ರೂ ಹೋಗಿತ್ತಾ ಸಾರ್?”

ಈ ಪ್ರಶ್ನೆಗೆ ನಾನು ಎದೆಯುಬ್ಬಿಸಿ ಉತ್ತರ ಹೇಳಿ ಅಭ್ಯಾಸ. ಪಾವಗಡ, ಕೊರಟಗೆರೆ, ಸಿರಾ, ಷಣ್ಮುಖಣ್ಣನ ಅತ್ತೆಮನೆಯಾದ ಚನ್ನರಾಯನದುರ್ಗ ಎಂದು ಶುರುಮಾಡಿ, ಮಕ್ಕಳ ಹೆಸರಿನ ಸಮೇತ ಹೇಳುತ್ತ ಹೋದೆ. ಹೇಳುತ್ತ ಹೇಳುತ್ತ ನಯಾಜರ ಮುಖ ನೋಡಿದೆ. ಅವರು “ಯಾ ಅಲ್ಲಾ” ಎಂದು ಡೈರಿ ತೆಗೆದು ಊರುಗಳ ಹೆಸರು ಬರೆದುಕೊಳ್ಳುತ್ತಿದ್ದರು. ಕೊರೊನಾ ಕಾಲದಲ್ಲಿ ಆರೋಗ್ಯ ಇಲಾಖೆಯವರು ಬಾಗಿಲಲ್ಲಿ ನಿಂತು “ಯಾರ್‍ಯಾರ ಮನೆಗೆ ಹೋಗಿದ್ರಿ, ಯಾರ್‍ಯಾರನ್ನ ಮುಟ್ಟಿದ್ರಿ” ಎಂದು ಕೇಳಿದಾಗ ಆದ ಸ್ಥಿತಿಯೇ ಆಯಿತು. ನಾಲ್ಕು ತಾಲ್ಲೂಕುಗಳಿಗೆ ನಮ್ಮ ಮನೆತನ ಮಂಗಳವನ್ನು ಹಂಚುತ್ತಿದೆ ಎಂದುಕೊಂಡಿದ್ದೆ. ಹಂಚಿದ್ದು ಕುಟ್ಟೆ. ಇದು ಎರಡನೆಯ ಸಲ.

ಮೂರನೆಯದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಯಾಜ್ ದಬ್ಬಳದಿಂದ ತೂತುಗಳನ್ನು ಕೆದಕತೊಡಗಿದರು. ಕೆಲವುಗಳಿಂದ ಮೇಣ ಬಂತು, ಕೆಲವುಗಳಿಂದ ಕಂದು ಬಣ್ಣದ ಉಗುರುಬಣ್ಣ, ಮತ್ತೆ ಕೆಲವುಗಳಿಂದ ಬಿಳಿಯ ಪುಡಿ. ನಯಾಜ್ ಅದನ್ನು ಮೂಸಿ ನೋಡಿ ಗೌರವದಿಂದ ಪಕ್ಕಕ್ಕಿಟ್ಟು, “ಇದು ನಿಮ್ಮ ಇಬೂತಿ ಸಾರ್” ಎಂದರು. ಯಾರೋ ತೂತುಗಳನ್ನು ನೋಡಿದ್ದಾರೆ, ಮುಚ್ಚಿದ್ದಾರೆ, ನನಗೆ ಹೇಳಿಲ್ಲ!

ಒಂದೊಂದೇ ಮನೆಗೆ ಫೋನು ಮಾಡಿದೆ. ಮಂಗಳಾ ಮೊದಲು “ನಂಗೇನ್ ಗೊತ್ತಣ್ಣ” ಎಂದಳು, ಆಮೇಲೆ ಅಳುತ್ತ, ತನ್ನ ಕಿರಿಮಗನ ನಾಮಕರಣದ ಹೊತ್ತಿಗೆ ನಾಲ್ಕು ತೂತು ಕಂಡಿದ್ದವೆಂದೂ, ತವರಿನ ತೊಟ್ಟಿಲಿಗೆ ಊನ ಬಂತೆಂದು ಹೇಗೆ ಹೇಳಲಿ ಎಂದು ಉಗುರುಬಣ್ಣ ತುಂಬಿ ಕಳಿಸಿದೆನೆಂದೂ ಒಪ್ಪಿಕೊಂಡಳು. ಈಗ ಅವಳ ಡ್ರೆಸ್ಸಿಂಗ್ ಟೇಬಲ್ಲಿನಿಂದಲೂ ಹಿಟ್ಟು ಉದುರುತ್ತದಂತೆ. ಷಣ್ಮುಖಣ್ಣ “ನಮ್ಮನೇಲಿ ಅಂಥದ್ದೆಲ್ಲ ಇಲ್ಲ ಕಣ್ಲಾ” ಎಂದು ಗುಡುಗಿದ. ಹಿಂದಿನಿಂದ ಅವನ ಹೆಂಡತಿ, “ಇಬೂತಿ ಮೆತ್ತಿದ್ದು ನೀವೇ ಅಲ್ವಾ, ದೇವ್ರ ಮಂಟಪದಾಗೂ ಹಿಟ್ಟು ಉದುರ್ತದೆ, ಸುಮ್ಕೆ ಹೇಳ್ಬುಡಿ” ಎಂದದ್ದು ನನಗೂ ಕೇಳಿಸಿತು. ಪಾವಗಡದ ಶಾರದತ್ತಿಗೆ ಮಾತ್ರ ನೇರವಾಗಿ ಹೇಳಿದರು: “ಮೇಣಬತ್ತಿ ಕರಗ್ಸಿ ನಾನೇ ಹುಯ್ದಿದ್ದು ಮೇಷ್ಟ್ರೇ. ನಮ್ಮನೆಯಾಗೇ ಹತ್ತಿತೇನೋ, ನೀವೇನಂತೀರೋ ಅಂತ ಭಯ ಆಯ್ತಪ್ಪಾ. ನಮ್ಮತ್ತೆ ಕಾಲದ ಮರದ ಶ್ಯಾವಿಗೆ ಒರಳು ಪೂರಾ ಪುಡಿಪುಡಿ ಆಗೋಯ್ತು. ಅದನ್ನೂ ಎವರಿಕೀ ಚೆಪ್ಪಲೇದು, ಯಾರಿಗೂ ಹೇಳಿಲ್ಲ.” ತೊಟ್ಟಿಲನ್ನು ಊನವಾಗಿ ವಾಪಸ್ಸು ಕೊಡಬಾರದು ಎಂಬ ನಮ್ಮ ಪದ್ಧತಿಯನ್ನು ಎಲ್ಲರೂ ಇಷ್ಟು ಚೆನ್ನಾಗಿ ಪಾಲಿಸಿದ್ದರಿಂದಲೇ ಹುಳು ನೆಮ್ಮದಿಯಾಗಿ ಬಾಳಿತು.

ಶುಕ್ರವಾರ ಮೂವರೂ ಮಧುಗಿರಿಗೆ ಬಂದಿಳಿದರು. ನೆಪ ತೊಟ್ಟಿಲು ನೋಡುವುದು, ನಿಜವಾಗಿ ತಮ್ಮ ಮನೆಯಿಂದಲೇ ಶುರುವಾಯಿತೆಂದು ಬೇರೆಯವರು ಹೇಳಿಬಿಡುತ್ತಾರೇನೋ ಎಂಬ ಭಯ. ಪಡಸಾಲೆಯಲ್ಲಿ ಚಾಪೆ ಹಾಸಿ ಕೂತರು. ಗಿರಿಜಾ ಕಾಫಿ ಕೊಟ್ಟಳು. ಅಂದು ಮತ್ತೆ ಬಂದಿದ್ದ ನಯಾಜ್ ತೊಟ್ಟಿಲನ್ನು ಕಂಬಿಕಂಬಿಯಾಗಿ ಪರೀಕ್ಷೆ ಮಾಡಿ ಹೇಳಿದರು: “ಒಂದು ತಮಾಷೆ ನೋಡಿ. ಕಂಬಿ, ಗಿಣಿ, ಚೌಕಟ್ಟು, ಎಲ್ಲೂ ಒಂದು ತೂತಿಲ್ಲ. ಅಪ್ಪಟ ತೇಗದ ಚೇಗು, ಒಳಗಿನ ಗಟ್ಟಿ ತಿರುಳು, ಕುಟ್ಟೆ ಮುಟ್ಟಿಲ್ಲ. ಹುಳ ಇರೋದು ಬರೀ ಅಡಿಹಲಗೇಲಿ. ಔಷಧಿ ಇಳೀಬೇಕಾದ್ರೆ ಕೆಳಗಿನ ಬಣ್ಣ ಪೂರಾ ಉಜ್ಜಿ ತೆಗೀಬೇಕು. ಆದ್ರೆ ಒಂದ್ಮಾತು, ಔಷಧಿ ಹಾಕಿದ ಹಲಗೆ ಮೇಲೆ ಈ ಭಾನುವಾರಕ್ಕೆ ಕೂಸು ಮಲಗ್ಸೋಕೆ ನಾನು ಒಪ್ಪಲ್ಲ. ಬಿಲ್ಕುಲ್ ಇಲ್ಲ.”

ಮಂಗಳಾ ಗೋಡೆಗೆ ಒರಗಿದಳು. “ಹುಲಿಕುಂಟೆಯೋರಿಗೆ ಏನಂತ ಹೇಳ್ಲಣ್ಣ? ತೊಟ್ಲಿಗೆ ಹುಳ ಹಿಡೀತು ಅಂತ ಹೆಂಗ್ ಹೇಳ್ಲಿ? ಕೂಸಿಗೆ ಆಗಿಬರಲ್ಲ ಅಂದ್ಕೊಳಲ್ವಾ?” ಅವಳ ಕಣ್ಣಲ್ಲಿ ನೀರು ತುಂಬಿತ್ತು. ಆದರೆ ನನ್ನ ಸಂಕಟಕ್ಕೆ ಬೇರೆ ಕಾರಣವೂ ಇತ್ತು. ಬಣ್ಣ ಉಜ್ಜಬೇಕು ಎಂದು ನಯಾಜ್ ಹೇಳಿದಾಗಿನಿಂದ ಅದನ್ನು ತಪ್ಪಿಸುವ ದಾರಿ ಹುಡುಕುತ್ತಿದ್ದೆ. “ಬಣ್ಣ ಯಾಕೆ, ಮೇಲಿಂದಾನೇ ಇಂಜೆಕ್ಷನ್ ಕೊಡ್ಬೋದಲ್ವಾ” ಎಂದೆ. “ನೀವು ಸೈನ್ಸ್ ಮೇಷ್ಟ್ರು, ನೀವೇ ಹಿಂಗಂದ್ರೆ ಹೆಂಗೆ ಸಾರ್” ಎಂದು ಅವರು ತೊಟ್ಟಿಲನ್ನು ಮಗುಚಿ ಹಾಕಿ ಉಪ್ಪುಕಾಗದದಿಂದ ಉಜ್ಜತೊಡಗಿದರು.

ಕಂದು ಬಣ್ಣದ ಕೆಳಗಿನಿಂದ ಕರಿಯ ಅಕ್ಷರಗಳು ಬಂದವು. ಇಂಗ್ಲಿಷ್ ಅಕ್ಷರಗಳು. ಷಣ್ಮುಖಣ್ಣ ಕನ್ನಡಕ ಹಾಕಿಕೊಂಡು, ಗೊಬ್ಬರದ ಚೀಲದ ಮೇಲಿನದನ್ನು ಓದುವಂತೆ ಒಂದೊಂದಾಗಿ ಓದಿದ. “ಹ್ಯಾಂಡಲ್... ವಿತ್... ಕೇರ್.” ಪಕ್ಕದಲ್ಲಿ ಮೇಲಕ್ಕೆ ಹೋಗಬೇಕಾದ ಒಂದು ಬಾಣದ ಗುರುತು, ಅದು ಅಡ್ಡಡ್ಡ ಮಲಗಿತ್ತು. ನಯಾಜ್ ಇನ್ನೊಂದಿಷ್ಟು ಉಜ್ಜಿದರು. ಒಂದು ಚಿತ್ರ ಬಂತು. ಸಣ್ಣ ಕಾಲಿನ ಮೇಲೆ ನಿಂತಿರುವ, ಅಗಲ ಬಾಯಿಯ ಒಂದು ಗಾಜಿನ ಲೋಟ.

“ಅಯ್ಯೋ ದೇವುಡಾ” ಎಂದರು ಶಾರದತ್ತಿಗೆ. “ಬ್ರಾಂದಿ ಗ್ಲಾಸು!”

ತಾತನ ತೊಟ್ಟಿಲಿನ ಅಡಿಯಲ್ಲಿ, ವಿಭೂತಿ ಹಚ್ಚಿ ಆರತಿ ಎತ್ತಿದ ಹಲಗೆಯ ಬೆನ್ನಿಗೆ, ಬ್ರಾಂದಿ ಗ್ಲಾಸು. ಷಣ್ಮುಖಣ್ಣನ ಮುಖದಲ್ಲಿ ಮಾತ್ರ ಹಳೆಯದೊಂದು ಒಗಟು ಬಿಡಿಸಿದ ಬೆಳಕು ಕಂಡಿತು. ಅವನ ಕಿರಿಯ ಮಗ ಒಂದೆರಡು ಸಲ ಗೆಳೆಯರ ಜೊತೆ ಪಾರ್ಟಿ ಮಾಡಿ ಸಿಕ್ಕಿಬಿದ್ದಿದ್ದಾನೆ. “ಹುಡ್ಗ ಯಾಕಿಂಗಾದ ಅಂತ ತಲೆ ಕೆಡಿಸ್ಕಂಡಿದ್ದೆ. ಮಲಗ್ಸಿದ್ದೇ ಇದ್ರ ಮೇಲೆ ಕಣ್ಲಾ!” ಎಂದವನೇ ಶಾರದತ್ತಿಗೆಯ ಕಡೆ ತಿರುಗಿದ. “ಕೊನೆಗೆ ಹೋಗಿದ್ದು ಪಾವಗಡಕ್ಕಲ್ವಾ? ನಮ್ ತೇಗದ ಹಲಗೆ ತೆಗ್ದು ಯಾವುದೋ ಬಾರಿನ ಪೆಟ್ಟಿಗೆ ಹಲಗೆ ಹೊಡ್ದು ಕಳ್ಸವ್ರೆ. ಗಡಿ ಕಡೆಯೋರು, ಏನ್ ಬೇಕಾದ್ರೂ ಮಾಡ್ತಾರೆ.”

ಶಾರದತ್ತಿಗೆ ಸೋಮವಾರ ಒಪ್ಪತ್ತು ಮಾಡುವವರು, ಅವರ ಯಜಮಾನರು ಕಾಫಿಯನ್ನೂ ಅರ್ಧ ಲೋಟಕ್ಕಿಂತ ಹೆಚ್ಚು ಕುಡಿಯುವವರಲ್ಲ. “ನೇನಾ? ನಾನಾ? ಗಿರಿಜಾ, ನೀನಾರೂ ಹೇಳಮ್ಮಾ” ಎಂದು ಸೆರಗು ಕಣ್ಣಿಗೆ ಒತ್ತಿಕೊಂಡರು. ಗಿರಿಜಾ ಅಕ್ಕನ ಪಕ್ಕ ಕೂತು ಹೆಗಲ ಮೇಲೆ ಕೈಯಿಟ್ಟಳು. ಇಟ್ಟು, ನನ್ನ ಕಡೆ ನೋಡಿದಳು, ನೀವಾದರೂ ಒಂದು ಮಾತು ಆಡಿ ಎನ್ನುವ ಹಾಗೆ.

ನಾನು ಕಾಫಿ ಕುಡಿಯುತ್ತಿದ್ದೆ. ನಾಚಿಕೆಯಿಂದ ಹೇಳುತ್ತೇನೆ, ಆ ಲೋಟದಲ್ಲಿ ಉಳಿದ ಕಾಫಿ ಮುಗಿಯುವವರೆಗೂ ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಷಣ್ಮುಖಣ್ಣ ಎಷ್ಟು ಜೋರಾಗಿ ಕೂಗುತ್ತಿದ್ದನೆಂದರೆ ಇನ್ನರ್ಧ ಗಂಟೆಯಲ್ಲಿ ಅದೇ ಇತಿಹಾಸವಾಗಿಬಿಡುತ್ತಿತ್ತು. ಶಾರದತ್ತಿಗೆ ಅಳುತ್ತಲೇ ತಮ್ಮ ಬ್ಯಾಗಿನಿಂದ ಒಂದು ಪೊಟ್ಟಣ ತೆಗೆದರು. ತೊಟ್ಟಿಲಿಗೆಂದು ತಂದ ಕೊಬ್ಬರಿ, ಬೆಲ್ಲ. “ಇದು ಕೂಸಿಗೆ ಇಟ್ಬಿಡು ಮಂಗಳಾ, ನಾನು ಬಸ್ಸಿಗೆ ಹೋಗ್ತೀನಿ” ಎಂದು ಎದ್ದರು. ಆಗ ನನ್ನ ಬಾಯಿಂದ, ನನ್ನದೇ ಎಂದು ನನಗೆ ಗುರುತು ಸಿಗದ ದನಿಯಲ್ಲಿ ಮಾತು ಬಂತು: “ಕೂತ್ಕೊಳಿ ಅತ್ತಿಗೆ. ಹಲಗೆ ಬದಲಾಯಿಸಿದ್ದು ನಾನು.”

ಇಪ್ಪತ್ತು ವರ್ಷದ ಹಿಂದಿನ ಮಾತು. ಗಿರಿಜಾ ಬಾಣಂತನಕ್ಕೆ ಪಾವಗಡದ ತವರಿಗೆ ಹೋಗಿದ್ದಳು. ನಮಗೆ ಮಗಳು ಹುಟ್ಟಿದ್ದಳು. ನಾಮಕರಣಕ್ಕೆ ತೊಟ್ಟಿಲು ಕಳಿಸಬೇಕಿತ್ತು. ಒಂದು ಭಾನುವಾರ ಮಧ್ಯಾಹ್ನ, ಮನೆಯಲ್ಲಿ ನಾನೊಬ್ಬನೇ, ಜಂತಿಗೆ ಸರಪಳಿ ಹಾಕಿ ತೊಟ್ಟಿಲು ತೂಗುಹಾಕಿದೆ. ಆಮೇಲೆ ಅದರಲ್ಲಿ ಹತ್ತಿ ಕೂತೆ. ಹಲಗೆ ಮಧ್ಯಕ್ಕೆ ಸೀಳಿ, ನಾನು ನಾಲ್ಕು ಗಿಣಿಗಳ ನಡುವೆ ನೆಲಕ್ಕೆ ಕೂತೆ. ಶಾಲೆಗೆ ಗಾಜಿನ ಜಾಡಿಗಳು ಬಂದಿದ್ದ ಪೆಟ್ಟಿಗೆಯ ಹಲಗೆಯೊಂದು ಪ್ರಯೋಗಶಾಲೆಯ ಮೂಲೆಯಲ್ಲಿ ಬಿದ್ದಿತ್ತು. ಯಾವ ಮರವೋ, ಹಗುರವಾಗಿ ಬೆಳ್ಳಗಿತ್ತು. ಅದನ್ನು ಕೊಯ್ದು, ಬರಹ ಕೆಳಗೆ ಬರುವಂತೆ ಹೊಡೆದು, ಎರಡು ಕೈ ಕಂದು ಬಣ್ಣ ಬಳಿದು ಕಳಿಸಿಬಿಟ್ಟೆ. ಅಂದರೆ ಕುಟ್ಟೆಯನ್ನು ಬಳಗಕ್ಕೆ ಪರಿಚಯ ಮಾಡಿಕೊಟ್ಟವನು ನಾನೇ. ಆ ಲೋಟದ ಚಿತ್ರ ಗಾಜು ಒಡೆಯುತ್ತದೆ ಎನ್ನುವ ಎಚ್ಚರಿಕೆ, ಬ್ರಾಂದಿಯದ್ದಲ್ಲ ಎಂದೂ ಹೇಳಿದೆ. ಷಣ್ಮುಖಣ್ಣನಿಗೆ ಅದರಿಂದ ನಿರಾಸೆಯಾಯಿತು. ಮಗನ ವಿಷಯ ಮತ್ತೆ ಮೊದಲಿನ ಜಾಗಕ್ಕೇ ಬಂತು.

ಗಿರಿಜಾ ಕಾಫಿ ಲೋಟಗಳನ್ನು ಒಂದೊಂದಾಗಿ ಎತ್ತಿ ತಟ್ಟೆಗಿಟ್ಟಳು. ಆಮೇಲೆ ಕೇಳಿದ್ದು ಒಂದೇ. “ತೊಟ್ಲಲ್ಲಿ ಯಾಕೆ ಕೂತ್ರಿ?”

“ಗಟ್ಟಿ ಇದ್ಯಾ ಅಂತ ಪರೀಕ್ಷೆ ಮಾಡೋಕೆ.”

“ಅದಕ್ಕೆ ಗುಂಡುಕಲ್ಲು ಇಲ್ವಾ?” ನಮ್ಮಲ್ಲಿ ಮಗುವಿಗಿಂತ ಮೊದಲು ರುಬ್ಬುವ ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಕುಂಕುಮವಿಟ್ಟು, ತೊಟ್ಟಿಲಲ್ಲಿ ಮಲಗಿಸಿ ತೂಗುವ ಪದ್ಧತಿ. “ನಿಜ ಹೇಳಿ” ಎಂದಳು.

ನಿಜ ಹೇಳಿದೆ. ಮಗಳು ಹುಟ್ಟಿದ ಸುದ್ದಿ ಬಂದು ಮೂರು ದಿನವಾಗಿತ್ತು, ಇನ್ನೂ ಮುಖ ನೋಡಿರಲಿಲ್ಲ. ಎದೆ ತುಂಬಿ ಬಂದು ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಆ ಗಿಣಿಗಳು ಕೆಳಗಿನಿಂದ ನೋಡಿದರೆ ಹೇಗೆ ಕಾಣುತ್ತವೆ ಎಂದು ಆಸೆಯಾಯಿತು. ನನ್ನ ತೂಕ ನೆನಪಾಗಲಿಲ್ಲ. “ಎರಡು ಸಲ ತೂಗಿಕೊಂಡೆ, ಮೂರನೇ ಸಲಕ್ಕೆ...” ಎಂದು ನಿಲ್ಲಿಸಿದೆ. ಮಂಗಳಾ ಮುಖ ಆ ಕಡೆ ತಿರುಗಿಸಿದಳು. ಅವಳ ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದುಕೊಂಡೆ, ನಗುತ್ತಿದ್ದಳು. ಶಾರದತ್ತಿಗೆ ಕಣ್ಣೊರೆಸಿಕೊಳ್ಳುತ್ತಲೇ “ಮೂಡು ಸಾರ್ಲು ಊಗಿನಾಡಂಟ! ಮೂರು ಸಲ ತೂಗ್ಕಂಡ್ರಂತೆ” ಎಂದು ನಯಾಜರಿಗೆ ತಿಳಿಸಿ ಹೇಳಿದರು, ಅವರಿಗೆ ಕನ್ನಡ ಬರುವುದಿಲ್ಲವೇನೋ ಎಂಬಂತೆ. ಅದಾದ ಮೇಲೆ ಪಡಸಾಲೆಯಲ್ಲಿ ಯಾರಿಗೂ ಗಂಭೀರವಾಗಿರಲು ಸಾಧ್ಯವಾಗಲಿಲ್ಲ. ನಾನೊಬ್ಬನೇ ಕೊಂಚ ಪ್ರಯತ್ನಪಟ್ಟೆ.

ನಗು ಇಳಿದ ಮೇಲೆ ನಯಾಜ್ ಕೆಲಸದ ಮಾತು ಕೇಳಿದರು. “ಸಾರ್, ಹಳೇ ತೇಗದ ಹಲಗೆ ಏನಾಯ್ತು?”

ಅದನ್ನು ಹೇಳುವುದು ತೊಟ್ಟಿಲಲ್ಲಿ ಕೂತದ್ದನ್ನು ಹೇಳುವುದಕ್ಕಿಂತ ಕಷ್ಟವಾಯಿತು. “ನಮ್ಮ ಉಗ್ರಾಣದಲ್ಲಿ ರಾಗಿ ಮೂಟೆ ಕೆಳಗಿದೆ” ಎಂದೆ. ಗಿರಿಜಾ ಎದ್ದು ನಿಂತಳು. ಶಾಲೆಯಲ್ಲಿ ಬಿಸಾಕುತ್ತಿದ್ದ ಹಲಗೆ ಎಂದು ಹೇಳಿ ನಾನೇ ಅವಳಿಗೆ ಕೊಟ್ಟದ್ದು. ಶಾಲೆಯ ಹಲಗೆ ತೊಟ್ಟಿಲಿನದಾಗಿತ್ತು, ತೊಟ್ಟಿಲಿನ ಹಲಗೆ ಶಾಲೆಯದಾಗಿತ್ತು. ಬೇಡವಾದ ಹಲಗೆಗೆ ಇಪ್ಪತ್ತು ವರ್ಷ ಅರಿಶಿನ ಕುಂಕುಮ ಹಚ್ಚಿದ್ದಳು, ಪೂಜೆಯಾಗಬೇಕಾದ್ದರ ತುದಿಯ ಮೇಲೆ ಚಪ್ಪಲಿ ಕಾಲಿನಲ್ಲೇ ನಿಂತು ಮೇಲಿನ ಗೂಡಿನ ಡಬ್ಬ ಇಳಿಸಿದ್ದಳು. “ಶಿವಶಿವಾ, ನನ್ ಕೈಲಿ ಏನ್ ಮಾಡ್ಸಿಬುಟ್ರಿ” ಎಂದಳು. ಈ ಸಲ ನಗಲಿಲ್ಲ. ಅವಳ ಕಣ್ಣು ನೋಡಿ ನಾನು ಬೆಚ್ಚಿಬಿದ್ದೆ. ಎಣಿಸಿದವರಿಗೆ ಗೊತ್ತಿರುತ್ತದೆ, ಐದನೆಯದು ಇದೇ. ನಾಲ್ಕನೆಯದು ಬ್ರಾಂದಿ ಗ್ಲಾಸು ಎಂಬ ಆ ಕೂಗು.

ಷಣ್ಮುಖಣ್ಣನೂ ನಾನೂ ಮೂಟೆಗಳನ್ನು ಜರುಗಿಸಿದೆವು. ಎರಡು ತುಂಡಾದ ತೇಗದ ಹಲಗೆ ಧೂಳು ಹೊದ್ದು ಮಲಗಿತ್ತು. ಪಕ್ಕದ ಅವರೆಕಾಳಿಗೆ ಎಷ್ಟೋ ಸಲ ಹುಳು ಬಿದ್ದಿತ್ತು, ಹಲಗೆಗೆ ಒಂದು ಗುಂಡುಸೂಜಿ ತೂತೂ ಬಿದ್ದಿರಲಿಲ್ಲ. ನಯಾಜ್ ಬೆರಳ ಗೆಣ್ಣಿನಿಂದ ಬಡಿದು, “ಇದಕ್ಕೆ ಔಷಧೀನೇ ಬೇಡ ಸಾರ್, ಕೂಸು ಆರಾಮಾಗಿ ಮಲೀಕಳ್ಲಿ” ಎಂದರು. ಗಿರಿಜಾ ಹಲಗೆಯನ್ನು ತಾನೇ ತೊಳೆದು, ಒರೆಸಿ, ಬಿಸಿಲಿಗಿಟ್ಟಳು. ನನ್ನನ್ನು ಮುಟ್ಟಗೊಡಲಿಲ್ಲ. ಸಂಜೆಯ ಹೊತ್ತಿಗೆ ನಯಾಜ್ ಅದಕ್ಕೆ ಎರಡು ಅಡ್ಡಪಟ್ಟಿ ಕೊಟ್ಟು ಕೂಡಿಸಿ ಜೋಡಿಸಿದರು. ಹುಳುಕು ಹಲಗೆಯನ್ನು ಹಿತ್ತಲಲ್ಲಿ ಸುಟ್ಟರು. ಡ್ರೆಸ್ಸಿಂಗ್ ಟೇಬಲ್ಲು, ಕೊರಟಗೆರೆಯ ದೇವರ ಮಂಟಪಗಳಿಗೆ ಸಿರಿಂಜು ಹಿಡಿದು ಬರುವುದಾಗಿ ದಿನ ಗೊತ್ತುಮಾಡಿಕೊಂಡರು. ಷಣ್ಮುಖಣ್ಣ ಶಾರದತ್ತಿಗೆಯ ಕ್ಷಮೆ ಕೇಳಲಿಲ್ಲ, ಅವನ ಜಾಯಮಾನವಲ್ಲ. ಆದರೆ ಬಸ್‌ಸ್ಟ್ಯಾಂಡಿನವರೆಗೂ ಅವರ ಬ್ಯಾಗು ಹೊತ್ತ.

ಭಾನುವಾರ ಸಿರಾದಲ್ಲಿ ಹುಲಿಕುಂಟೆಯ ಬೀಗರು ತೊಟ್ಟಿಲನ್ನು ಸುತ್ತ ಮುಟ್ಟಿ ನೋಡಿ, “ಎಂಗದೆ ನೋಡಿ, ಹಳೇ ಮರ ಅಂದ್ರೆ ಮರ” ಎಂದು ತಲೆದೂಗಿದರು. ಕತೆ ಅವರಿಗೂ ತಲುಪಿತ್ತೆಂದು ಆಮೇಲೆ ತಿಳಿಯಿತು. ಆರತಿ ಆಯಿತು, ಹೆಂಗಸರು ಹಾಡು ಶುರುಮಾಡಿದರು. ಮಂಗಳಾ ಗುಂಡುಕಲ್ಲಿಗೆ ಹಸಿರು ಬಟ್ಟೆ ಸುತ್ತಿ ತಂದಳು. ನಾನು ಅಭ್ಯಾಸಬಲದಿಂದ ಮುಂದೆ ಹೋಗಿ ಸರಪಳಿಯ ಕೊಂಡಿ ಭದ್ರವಾಗಿದೆಯೇ ಎಂದು ಒಮ್ಮೆ ಜಗ್ಗಿ ನೋಡಿದೆ. ಹಾಡು ಥಟ್ಟನೆ ನಿಂತಿತು. ಮನೆತುಂಬ ಜನ ನನ್ನನ್ನೇ ನೋಡುತ್ತಿದ್ದರು.

“ಮೇಷ್ಟ್ರೇ, ಮೊದ್ಲು ಗುಂಡುಕಲ್ಲು, ಆಮೇಲೆ ಕೂಸು. ನಿಮ್ ಸರದಿ ಇಪ್ಪತ್ತು ವರ್ಷದ ಹಿಂದೇನೇ ಮುಗೀತು” ಎಂದರು ಶಾರದತ್ತಿಗೆ.

ನಕ್ಕವರಲ್ಲಿ ಗಿರಿಜಾಳೂ ಇದ್ದಳು. ಶುಕ್ರವಾರದಿಂದ ಅವಳು ನಕ್ಕದ್ದು ಅದೇ ಮೊದಲು, ಹಾಗಾಗಿ ನನಗೆ ಬೇಸರವಾಗಲಿಲ್ಲ. ಹಿಂದೆ ಸರಿದು ಗಂಡಸರ ಸಾಲಿನಲ್ಲಿ ನಿಂತೆ. ಮಗುವನ್ನು ಮಲಗಿಸಿ ತೂಗಿದರು. ಅದು ಕಣ್ಣರಳಿಸಿ ಗಿಣಿಗಳನ್ನೇ ನೋಡುತ್ತಿತ್ತು. ಅಲ್ಲಿಂದ ಅವು ಹೇಗೆ ಕಾಣುತ್ತವೆ ಎಂದು ಅಲ್ಲಿದ್ದ ದೊಡ್ಡವರಲ್ಲಿ ನನ್ನೊಬ್ಬನಿಗೆ ಮಾತ್ರ ಗೊತ್ತಿತ್ತು. ಆದರೆ ಅದನ್ನು ಈಗ ಹೇಳುವ ಹಾಗಿರಲಿಲ್ಲ.